ಕೈ ಕುಲುಕುವ ಇಂಗ್ಲೀಷು, ಕೈ ಕೊಡುವ ಇಂಗ್ಲೀಷು

ಇಂಗ್ಲೀಷು ಕಲಿತರೆ ಮಾತ್ರ ಹೊಟ್ಟೆಗೆ ಹಿಟ್ಟು ಎಂದು ಸಾರಿಕೊಂಡು ತಿರುಗುವ ಮಹನೀಯರು ಈಗ ಊರೂರಲ್ಲೂ ಇದ್ದಾರೆ. ಮೂವತ್ತು ದಿನದಲ್ಲಿ ನಿರರ್ಗಳ ಇಂಗ್ಲೀಷು ಎಂದು ಗೋಡೆಗೋಡೆಗೆ ಕಾಗದ ಅಂಟಿಸುತ್ತಾರೆ. ಮಿಲ್ಲಿನ ಕಾರ್ಮಿಕನ ಮಗನಿಂದಲೂ ಕಿರಾಣಿ ಅಂಗಡಿಯವನ ಮಗಳಿಂದಲೂ ಸಾವಿರಗಟ್ಟಲೆ ಫೀಜು ವಸೂಲು ಮಾಡುತ್ತಾರೆ. ಅಲ್ಲಿ ಕಲಿಸುವುದೇನು? ಮಳೆ ಜೋರಾಗಿ ಬಂದರೆ ಬೆಕ್ಕು ನಾಯಿ ಸುರಿದವು ಎನ್ನಬೇಕಂತೆ. ಯಾರಾದರೂ ತೀರಿಕೊಂಡರೆ ಬಕೀಟು ಒದ್ದರು ಎನ್ನಬೇಕಂತೆ. ಸಾವಿನ ಮನೆಯಲ್ಲಿ ಈ ಮಾತು ಆಡಿದರೆ ಇಂಗ್ಲೀಷರೇ ಹೊರಗೆ ದಬ್ಬುತ್ತಾರೆ ಎಂಬುದನ್ನು ಮಾತ್ರ ಹೇಳಿಕೊಡುವುದಿಲ್ಲ!

ಕೆಲವು ವರ್ಷ ಸೀಮೆಸುಣ್ಣ ಹಿಡಿದ ಅನುಭವದಿಂದ ನಾವು ಒಂದು ಮಾತು ಹೇಳಬಲ್ಲೆವು. ವ್ಯಾಕರಣವನ್ನು ಪುಸ್ತಕದಿಂದ ಕಲಿಯಬಹುದು. ಬುಡ್ಡಿದೀಪದ ಬೆಳಕಿನಲ್ಲಿ ಕೂತು ಬಡವರ ಹುಡುಗರು ಕಲಿತೂ ಇದ್ದಾರೆ. ಆದರೆ ನುಡಿಗಟ್ಟು ಪುಸ್ತಕದಿಂದ ಬರುವುದಿಲ್ಲ. ಅದು ಬರುವುದು ಸಹವಾಸದಿಂದ. ನಮ್ಮಲ್ಲಿ 'ಟೋಪಿ ಹಾಕಿದ' ಎಂದರೆ ಏನೆಂದು ಯಾವ ಮೇಷ್ಟರು ಯಾರಿಗೆ ಹೇಳಿಕೊಟ್ಟರು? ಮನೆಯಲ್ಲಿ, ಸಂತೆಯಲ್ಲಿ, ಜಗಲಿಯ ಮೇಲೆ ಕೇಳಿ ಕೇಳಿ ಬಂತು. ಹಾಗೆಯೇ ಇಂಗ್ಲೀಷಿನ ನುಡಿಗಟ್ಟು ಬರಬೇಕಾದರೆ ಅಪ್ಪ ಅಮ್ಮ ಊಟದ ಮೇಜಿನಲ್ಲಿ ಇಂಗ್ಲೀಷು ಆಡುವ ಮನೆಯಲ್ಲಿ ಹುಟ್ಟಬೇಕು. ಎಂದ ಮೇಲೆ, ಕೆಲಸ ಕೊಡುವಾಗ ನುಡಿಗಟ್ಟನ್ನು ತೂಗಿ ನೋಡುವವನು ನಿಜಕ್ಕೂ ತೂಗುತ್ತಿರುವುದೇನು? ವಿದ್ಯೆಯನ್ನಲ್ಲ, ಹುಟ್ಟನ್ನು.

ಬಿ.ಕಾಂ. ಪಾಸಾದ ಹುಡುಗನೊಬ್ಬ ಸಂದರ್ಶನಕ್ಕೆ ಹೋಗುತ್ತಾನೆ ಎನ್ನೋಣ. ಕೋಟು ತೊಟ್ಟ ಸಾಹೇಬರು 'ಬಾಲ್‌ಪಾರ್ಕ್ ಫಿಗರ್' ಹೇಳಪ್ಪಾ ಎನ್ನುತ್ತಾರೆ. ಬಾಲ್‌ಪಾರ್ಕ್ ಎಂದರೆ ಅಮೆರಿಕದವರು ಬೇಸ್‌ಬಾಲ್ ಆಡುವ ಮೈದಾನ. ಅದನ್ನು ಕಾಣದ ಹುಡುಗ ತಬ್ಬಿಬ್ಬಾಗುತ್ತಾನೆ, ದಡ್ಡ ಎನಿಸಿಕೊಂಡು ಹೊರಗೆ ಬರುತ್ತಾನೆ. ಸಾಹೇಬರು ಕೇಳಿದ್ದು ಏನು ಮಹಾ? ಅಂದಾಜು! ಮೆಣಸಿನಕಾಯಿ ಮಂಡಿಯಲ್ಲಿ ಇವನ ಅಪ್ಪ ಮೂಟೆ ನೋಡಿ ಕಣ್ಣಳತೆಯಲ್ಲೇ ಹೇಳುವ ಅಂದಾಜು.

1835ರಲ್ಲಿ ಮೆಕಾಲೆ ಸಾಹೇಬರು ಬಯಸಿದ್ದು ಇದನ್ನೇ. ಆಳುವವರಿಗೂ ಆಳಿಸಿಕೊಳ್ಳುವವರಿಗೂ ನಡುವೆ ನಿಲ್ಲುವ ದುಭಾಷಿಗಳ ಒಂದು ವರ್ಗ ಅವರಿಗೆ ಬೇಕಾಗಿತ್ತು. ಸಾಹೇಬರು 1947ರಲ್ಲಿ ಹಡಗು ಹತ್ತಿದರು, ದುಭಾಷಿಗಳು ಕುರ್ಚಿ ಹತ್ತಿದರು. 1957ರ ಸುಮಾರಿಗೆ ಡಾಕ್ಟರ್ ಲೋಹಿಯಾ ಇಂಗ್ಲೀಷು ತೊಲಗಲಿ ಎಂದು ಚಳವಳಿ ಎಬ್ಬಿಸಿದಾಗ ಈ ಕುರ್ಚಿಗಳು ಅವರನ್ನು ಹುಚ್ಚ ಎಂದವು. ಲೋಹಿಯಾ ಬರ್ಲಿನ್ನಿನಲ್ಲಿ ಡಾಕ್ಟರೇಟು ಪಡೆದವರು, 'ಮ್ಯಾನ್‌ಕೈಂಡ್' ಎಂಬ ಪತ್ರಿಕೆಯನ್ನು ಇಂಗ್ಲೀಷಿನಲ್ಲೇ ನಡೆಸಿದವರು. ಅವರ ಜಗಳ ಭಾಷೆಯ ಮೇಲಲ್ಲ, ಅದನ್ನು ಬಾಗಿಲಿಗೆ ಬೀಗವಾಗಿ ಜಡಿದವರ ಮೇಲೆ. ನಮ್ಮ ಜಗಳವೂ ಅದೇ.

ಕಾರ್ಮಿಕ ಬಂಧುಗಳೇ, ನಿಮಗೆ ತಿಳಿದಿರಬೇಕಾದ ನುಡಿಗಟ್ಟುಗಳು ಬೇರೆ ಇವೆ. ಅವನ್ನು ಯಾವ ಮೂವತ್ತು ದಿನದ ತರಗತಿಯೂ ಕಲಿಸುವುದಿಲ್ಲ.

ಮೊದಲನೆಯದು 'ಗೋಲ್ಡನ್ ಹ್ಯಾಂಡ್‌ಷೇಕ್', ಅಂದರೆ ಬಂಗಾರದ ಹಸ್ತಲಾಘವ. ಇಂಗ್ಲೆಂಡಿನಲ್ಲಿ ಇದು ಹುಟ್ಟಿದ್ದು ಕಂಪನಿಯ ದೊಡ್ಡ ದೊಡ್ಡ ಅಧಿಕಾರಿಗಳನ್ನು ಬೀಳ್ಕೊಡುವಾಗ. 1991ರ ಹೊಸ ಆರ್ಥಿಕ ನೀತಿ ಬಂದ ಮೇಲೆ ನಮ್ಮಲ್ಲಿ ಕೂಲಿಕಾರರಿಗೂ ಈ ಹೆಸರನ್ನೇ ಹಚ್ಚಿದರು. 1992ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ನವೀಕರಣ ನಿಧಿ ಎಂದು ತೆರೆಯಿತು. ನವೀಕರಣ ಎಂಬುದು ಹೆಸರಿಗೆ, ಅದರ ಹಣ ಬಹುಪಾಲು ಹೋದದ್ದು ಸಾರ್ವಜನಿಕ ಉದ್ಯಮಗಳ ಕಾರ್ಮಿಕರನ್ನು ಮನೆಗೆ ಕಳಿಸುವುದಕ್ಕೆ. ಕನ್ನಡದಲ್ಲಿ 'ಕೈ ಕೊಟ್ಟರು' ಎಂದರೆ ಏನು ಅರ್ಥವೋ ಗೋಲ್ಡನ್ ಹ್ಯಾಂಡ್‌ಷೇಕಿಗೂ ಅದೇ ಸರಿಯಾದ ಅರ್ಥ!

ಆ ಕಾಗದದಲ್ಲಿ 'ವಾಲಂಟರಿ' ಎಂಬ ಒಂದು ಮಾತು ಇರುತ್ತದೆ. ಸ್ವಂತ ಇಚ್ಛೆಯಿಂದ ಎಂದರ್ಥ. ಕಾಯ್ದೆಯ ಪ್ರಕಾರ ಕಾರ್ಮಿಕನನ್ನು ಹೆಚ್ಚುವರಿ ಎಂದು ತೆಗೆದರೆ ಅದು 'ರಿಟ್ರೆಂಚ್‌ಮೆಂಟ್': ಒಂದು ವರ್ಷ ಸರ್ವೀಸಾದವನಿಗೆ ಒಂದು ತಿಂಗಳ ನೋಟೀಸು, ಪ್ರತಿ ವರ್ಷದ ಸರ್ವೀಸಿಗೆ 15 ದಿನದ ಸರಾಸರಿ ಸಂಬಳ ಪರಿಹಾರ. ಆದರೆ ಸ್ವ ಇಚ್ಛೆಯ ನಿವೃತ್ತಿ ರಿಟ್ರೆಂಚ್‌ಮೆಂಟ್ ಅಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ರುಜು ಬಿತ್ತೋ, ನಿಮ್ಮನ್ನು ಯಾರೂ ತೆಗೆಯಲಿಲ್ಲ, ನೀವೇ ಬಿಟ್ಟಿರಿ. ಆಮೇಲೆ ಯಾವ ಕೋರ್ಟಿಗೆ ಹೋದರೂ ಮೊದಲು ಆ ರುಜುವಿನ ಜೊತೆ ಗುದ್ದಾಡಬೇಕು.

ಇನ್ನು 'ಲೇ-ಆಫ್'. ಅಮೆರಿಕದ ಮಾತಿನಲ್ಲಿ, ಅದನ್ನು ನಕಲು ಮಾಡುವ ನಮ್ಮ ಪತ್ರಿಕೆಗಳಲ್ಲಿ, ಲೇ-ಆಫ್ ಎಂದರೆ ಕೆಲಸ ಹೋಯಿತು ಎಂದೇ. ನಮ್ಮ ಕಾಯ್ದೆಯಲ್ಲಿ ಹಾಗಲ್ಲ. 1947ರ ಕೈಗಾರಿಕಾ ವಿವಾದ ಕಾಯ್ದೆಗೆ 1953ರಲ್ಲಿ ಸೇರಿಸಿದ ಅಧ್ಯಾಯದಂತೆ, ಕಲ್ಲಿದ್ದಲೋ ಕರೆಂಟೋ ಕಚ್ಚಾ ಮಾಲೋ ಇಲ್ಲದೆ ತಾತ್ಕಾಲಿಕವಾಗಿ ಕೆಲಸ ಕೊಡಲಾಗದಿದ್ದರೆ ಅದು ಲೇ-ಆಫ್. ಹೆಸರು ಮಸ್ಟರ್ ರೋಲಿನಲ್ಲಿ ಇದ್ದೇ ಇರುತ್ತದೆ. 50 ಜನಕ್ಕೆ ಕಡಿಮೆಯಿಲ್ಲದ ಕಾರ್ಖಾನೆಯಲ್ಲಿ ಒಂದು ವರ್ಷ ಪೂರೈಸಿದ ಖಾಯಂ ಕಾರ್ಮಿಕನಿಗೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧ ಸಿಗಬೇಕು. (ಬದಲಿ ಕಾರ್ಮಿಕನಿಗೆ ಇದೂ ಇಲ್ಲ, ಆ ಅನ್ಯಾಯದ ಮಾತು ಇನ್ನೊಮ್ಮೆ.) ಈ ಅರ್ಥ 2020ರ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಉಳಿದಿದೆ. ಪತ್ರಿಕೆಯ ಅರ್ಥವನ್ನು ನಂಬಿ ಗಂಟುಮೂಟೆ ಕಟ್ಟಿದವನು ಕಾಯ್ದೆಯ ಅರ್ಥದಲ್ಲಿ ಸಿಗಬೇಕಾದ ಅರ್ಧ ಸಂಬಳವನ್ನು ಮಾಲೀಕನಿಗೆ ದಾನ ಮಾಡಿದ ಹಾಗೆ.

ಅಂಗಡಿಯ ಬಂಧುಗಳೂ ನಗಬೇಕಾಗಿಲ್ಲ. ನಿಮ್ಮ ಬಿಲ್ಲಿನ ಕೆಳಗೆ 'ಇ. ಅಂಡ್ ಓ.ಇ.' ಎಂದು ಪ್ರೆಸ್ಸಿನವನು ಅಚ್ಚು ಹಾಕಿ ಕೊಟ್ಟಿರುತ್ತಾನೆ. ಅದೇನೆಂದು ಎಷ್ಟು ಜನ ಕೇಳಿದ್ದೀರಿ? ಲೆಕ್ಕದಲ್ಲಿ ತಪ್ಪೋ ಬಿಟ್ಟುಹೋದದ್ದೋ ಇದ್ದರೆ ಆಮೇಲೆ ತಿದ್ದುವ ಹಕ್ಕು ನಮ್ಮದು ಎಂದರ್ಥ. ಅದು ನಿಮ್ಮ ರಕ್ಷಣೆಗೆ ಇದೆ, ಬಿಡಿ. ಬ್ಯಾಂಕಿನ ಹರಾಜು ನೋಟೀಸಿನ 'ಆ್ಯಸ್ ಈಸ್ ವೇರ್ ಈಸ್' ಹಾಗಲ್ಲ. ಇದ್ದ ಹಾಗೆ, ಇದ್ದಲ್ಲೇ ಎಂಬ ಈ ಮುದ್ದಾದ ಪ್ರಾಸದ ಹಿಂದೆ ಮಾಳಿಗೆಯ ಬಿರುಕೂ ಹಳೆಯ ಬಾಕಿಯೂ ಕೊಂಡವನ ತಲೆಗೆ ಎಂಬ ಷರತ್ತು ಅಡಗಿದೆ.

ಮಿಲ್ಲಿನ ಸ್ಥಾಯೀ ಆದೇಶಗಳನ್ನು ಇಂಗ್ಲೀಷಿನ ಜೊತೆಗೆ ಬಹುಮಂದಿ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಬಾಗಿಲ ಬಳಿ ತೂಗುಹಾಕಬೇಕು ಎಂದು 1946ರ ಕಾಯ್ದೆಯೇ ವಿಧಿಸಿತ್ತು. ಆಗಿನ ಆಳರಸರಿಗೆ ಹೊಳೆದ ಈ ನ್ಯಾಯವನ್ನು ಮೆಮೋಗೆ, ಚಾರ್ಜ್‌ಷೀಟಿಗೆ, ನಿವೃತ್ತಿಯ ಅರ್ಜಿಗೆ, ಸಾಲದ ಪತ್ರಕ್ಕೆ ವಿಸ್ತರಿಸಬೇಕೆಂದು ನಾವು ಒತ್ತಾಯಿಸುತ್ತೇವೆ. ಕನ್ನಡದ ಪ್ರತಿ ಇಲ್ಲದ ಯಾವ ಕಾಗದಕ್ಕೂ ಕಾರ್ಮಿಕನ ರುಜು ಊರ್ಜಿತವಲ್ಲ ಎಂದು ಕಾನೂನಾಗಬೇಕು. ವಿಧಾನಸಭೆಯಲ್ಲಿ ಕನ್ನಡ ಕನ್ನಡ ಎಂದು ಎದೆ ತಟ್ಟಿಕೊಳ್ಳುವವರು ಮೊದಲು ಇದಕ್ಕೆ ಕೈ ಎತ್ತಲಿ.

ಕಾನೂನು ಆಗುವವರೆಗೆ ಕಾಯುತ್ತ ಕೂರುವಂತಿಲ್ಲ. ಭಾನುವಾರ ಸಂಜೆ ನಮ್ಮ ಕಛೇರಿಯಲ್ಲಿ ಇಂಗ್ಲೀಷು ಹೇಳಿಕೊಡುತ್ತೇವೆ. ಬೆಕ್ಕು ನಾಯಿ ಮಳೆಯ ಇಂಗ್ಲೀಷಲ್ಲ, ಮೆಮೋದ ಇಂಗ್ಲೀಷು. ಫೀಜಿಲ್ಲ. ನಿಮಗೆ ಬಂದಿರುವ ಕಾಗದ ತನ್ನಿ, ಪೆನ್ನು ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿ.