ಗುಮಾಸ್ತ ಕೊಂಡ ಜಹಗೀರು

ಮಕ್ಕಳೇ, ನಿಮ್ಮ ಈ ಅಜ್ಜ ಬ್ಯಾಂಕಿಗೆ ಗುಮಾಸ್ತನಾಗಿ ಸೇರಿ ಗುಮಾಸ್ತನಾಗಿಯೇ ಹೊರಬಂದವನು. ಅದಕ್ಕೇ ಇರಬೇಕು, ಗುಮಾಸ್ತನೊಬ್ಬ ಬ್ಯಾಂಕಿನ ಉಪಾಧ್ಯಕ್ಷನಾದ ಎಂದರೆ ನನ್ನ ಕಿವಿ ನೆಟ್ಟಗಾಗುತ್ತದೆ.

ಕೆನಡಾದ ಕ್ವಿಬೆಕ್‌ ಪ್ರಾಂತ್ಯದ ಜನರ ಮಾತು ಹೆಚ್ಚಾಗಿ ಫ್ರೆಂಚ್. ಆದರೆ ಇನ್ನೂರು ವರ್ಷದ ಹಿಂದೆ ಅಲ್ಲಿ ಆಳುತ್ತಿದ್ದವರು ಬ್ರಿಟಿಷರು. ಮಾಂಟ್ರಿಯಲ್ ಪೇಟೆಯ ದೊಡ್ಡ ವ್ಯಾಪಾರವೂ ಬಹುಪಾಲು ಇಂಗ್ಲಿಷ್ ಮಾತಿನ ಸಾಹುಕಾರರದೇ. ಅಂಥಲ್ಲಿಗೆ 1812ರಲ್ಲಿ ಜೋಸೆಫ್ ಮಾಸೊನ್ ಎಂಬ ಬಡಗಿಯ ಮಗ ಗುಮಾಸ್ತನಾಗಿ ಬಂದ. ಅವನದು ಫ್ರೆಂಚ್ ಮನೆತನ, ಧಣಿ ಸ್ಕಾಟ್ಲೆಂಡಿನವನು. ಮೂರೇ ವರ್ಷದಲ್ಲಿ ಗುಮಾಸ್ತ ಪಾಲುದಾರನಾದ! ಗ್ಲಾಸ್ಗೋದಿಂದ ಬಟ್ಟೆ ತರಿಸುವುದು, ಇಲ್ಲಿಂದ ಮರದ ಬೂದಿಯಿಂದ ತೆಗೆದ ಪೊಟ್ಯಾಶ್ ಕಳಿಸುವುದು, ಇದು ವ್ಯಾಪಾರ. 1834ರಲ್ಲಿ ಬ್ಯಾಂಕ್ ಆಫ್ ಮಾಂಟ್ರಿಯಲ್‌ಗೆ ಉಪಾಧ್ಯಕ್ಷ.

ಅದಕ್ಕೆ ಎರಡು ವರ್ಷ ಮೊದಲೇ ತೆರ್ಬೊನ್ ಎಂಬ ಜಹಗೀರನ್ನು ಹರಾಜಿನಲ್ಲಿ ಕೊಂಡಿದ್ದ. ಬೆಲೆ 25 ಸಾವಿರ ಪೌಂಡಿಗೂ ಮೇಲೆ. ಜಹಗೀರು ಎಂದರೆ ಬರೀ ನೆಲವಲ್ಲ. ರೈತರು ಕಂದಾಯ ಕೊಡಬೇಕು. ಗೋಧಿಯನ್ನು ಜಹಗೀರುದಾರನ ಗಿರಣಿಯಲ್ಲೇ ಬೀಸಿಸಬೇಕು. 14 ಸೇರು ಬೀಸಿದರೆ 1 ಸೇರು ಧಣಿಗೆ. ಲೆಕ್ಕ ಬರೆದ ಕೈ ನನ್ನದು, ಈ 14ನೇ ಪಾಲು ಕಣ್ಣಿಗೆ ಬೀಳದೆ ಇರುತ್ತದೆಯೇ?

1847ರಲ್ಲಿ ಜೋಸೆಫ್ ತೀರಿಕೊಂಡ. ಇಲ್ಲಿಂದ ಮುಂದಿನದೇ ನನಗೆ ಹೆಚ್ಚು ಇಷ್ಟ. ಹೆಂಡತಿ ಸೋಫಿ ರೆಮೋನ್ ಮೂಲೆ ಹಿಡಿದು ಕೂರಲಿಲ್ಲ. ಆಕೆಯ ತಂದೆಯೂ ವ್ಯಾಪಾರಿ, ಶಾಸನಸಭೆಗೂ ಹೋಗಿಬಂದವರು. ಜಹಗೀರಿನ ವ್ಯವಹಾರವನ್ನು ಆಕೆಯೇ ನಡೆಸಿದರು, ಹೊಳೆಯ ನಡುವಿನ ದ್ವೀಪದಲ್ಲಿ ಹೊಸ ಗಿರಣಿ ಕಟ್ಟಿಸಿದರು, ಊರಿನಲ್ಲಿ ದೊಡ್ಡ ಬಂಗಲೆಯನ್ನೂ ಎಬ್ಬಿಸಿದರು. 1854ರಲ್ಲಿ ಸರ್ಕಾರ ಜಹಗೀರು ಪದ್ಧತಿಯನ್ನೇ ತೆಗೆದುಹಾಕಿತು. ಆದರೆ ಜಹಗೀರುದಾರರಿಗೆ ಪರಿಹಾರ ಸಿಕ್ಕಿತು ಅನ್ನಿ.

ಮಗ ಲೂಯಿ-ರೋದ್ರಿಗ್ ವಕೀಲಿಕೆ ಓದಿದ, ತೆರ್ಬೊನ್ ಊರಿನ ಮೇಯರ್ ಆದ. ಅದೇ ಕ್ಷೇತ್ರದಿಂದ 1867ರಲ್ಲಿ ಕೆನಡಾದ ಮೊದಲ ಸಂಸತ್ತಿಗೆ ಗೆದ್ದ. 1878ರಲ್ಲಿ ರಕ್ಷಣಾ ಮಂತ್ರಿ, 1884ರಲ್ಲಿ ಕ್ವಿಬೆಕ್‌ನ ಲೆಫ್ಟಿನೆಂಟ್ ಗವರ್ನರ್. ಅಪ್ಪ ಕೊಂಡ ಊರಿನಲ್ಲಿ ಮಗ ಓಟು ಕೇಳಿದ. ಕೊಂಡದ್ದು ಸುಲಭವೋ, ಕೇಳಿದ್ದು ಸುಲಭವೋ, ನೀವೇ ಹೇಳಿ.

ಈಗ ಆ ಬಂಗಲೆಯಲ್ಲಿ ಶಾಲೆ ನಡೆಯುತ್ತಿದೆ. ದ್ವೀಪದ ಹಳೆಯ ಗಿರಣಿಯಲ್ಲಿ ಊರಿನ ಗ್ರಂಥಾಲಯವಿದೆ.

ಇದನ್ನು ಮೊಮ್ಮಗಳಿಗೆ ಓದಿ ಹೇಳಿದೆ. ಅವಳು, "ಅಜ್ಜಾ, ಆ 14ನೇ ಸೇರು ಕೊಟ್ಟೋರ ಹೆಸರು ಎಲ್ಲಿದೆ?" ಅಂದಳು.

"ಲೆಡ್ಜರಿನಲ್ಲಿ ಇರಬೇಕಮ್ಮ" ಅಂದೆ. "ಬರೆದವನೂ ಯಾವನೋ ಗುಮಾಸ್ತನೇ."