ಬಿಇಒ ಅವರೇ, ಆ ಶನಿವಾರ ಯಾವಾಗ?

ನಮ್ಮ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳೇ,

ಡಿಸೆಂಬರ್ 3ರಂದು, ವಿಶ್ವ ವಿಕಲಚೇತನರ ದಿನದ ಹೆಸರಿನಲ್ಲಿ ನಮ್ಮ ಶಾಲೆಯಲ್ಲಿ ನಡೆದದ್ದು ಊರಿಗೆಲ್ಲ ಗೊತ್ತು. ನಲಿ-ಕಲಿ ಮಕ್ಕಳ ಕಣ್ಣಿಗೆ ಬಟ್ಟೆ ಕಟ್ಟಿ ಅಂಗಳದಲ್ಲಿ ನಡೆಸಿದರು. ಕೆಲವರು ಎಡವಿದರು, ಕೆಲವರು ಅತ್ತರು. ಆಮೇಲೆ ಎರಡನೇ ತರಗತಿಯ, ಕಣ್ಣು ಸರಿಯಾಗಿ ಕಾಣದ ನನ್ನ ಮಗಳನ್ನು ವೇದಿಕೆಗೆ ಕರೆದು, "ಪಾಪ, ಇವಳಿಗೆ ದಿನಾ ಹೀಗೇ" ಎಂದು ಮೈಕಿನಲ್ಲಿ ಹೇಳಿದರು. ಅಂದಿನಿಂದ ಗೆಳತಿಯರು ಅವಳನ್ನು ಆಟಕ್ಕೆ ಸೇರಿಸುತ್ತಿಲ್ಲ. ಬಿದ್ದುಬಿಟ್ಟಾಳೆಂಬ ಭಯವಂತೆ.

ನಾನು ತಮ್ಮ ಕಚೇರಿಗೆ ಬಂದಾಗ ತಾವು ಸಮಾಧಾನದಿಂದಲೇ ಕೇಳಿಸಿಕೊಂಡಿರಿ. "ಬರುವ ಸಂಭ್ರಮ ಶನಿವಾರ ಸಂಪನ್ಮೂಲ ಶಿಕ್ಷಕರ ಕೈಲಿ ಬ್ರೈಲ್ ಸ್ಲೇಟು ಕೊಟ್ಟು ಕಳಿಸ್ತೀನಮ್ಮ, ಎಲ್ಲ ಮಕ್ಕಳಿಂದಲೂ ಬರೆಸೋಣ" ಎಂದಿರಿ. ನಂಬಿದೆ. ಮಗಳಿಗೂ ಹೇಳಿದೆ. ಆಮೇಲೆ ಅರ್ಜಿ ಕೊಟ್ಟರೂ ಫೋನ್ ಮಾಡಿದರೂ ಸಿಕ್ಕಿದ್ದು "ಪರಿಶೀಲನೆಯಲ್ಲಿದೆ" ಎಂಬ ಒಂದೇ ಉತ್ತರ.

ಕಣ್ಣು ಕಟ್ಟುವುದರಿಂದ ಮಕ್ಕಳಿಗೆ ಸಿಗುವುದು ದಿಢೀರ್ ಕತ್ತಲೆಯ ಗಾಬರಿ ಮಾತ್ರ. ಕಾಣದವರು ವರ್ಷಗಟ್ಟಲೆ ಕಲಿತ ಜಾಣ್ಮೆ ಅದರಲ್ಲಿ ಎಲ್ಲಿದೆ? ಹೀಗೆ ಕಣ್ಣು ಕಟ್ಟಿಸಿಕೊಂಡವರು ಅಂಧರಿಗೆ ಕೆಲಸ ಮಾಡುವ, ಸ್ವತಂತ್ರವಾಗಿ ಬದುಕುವ ಶಕ್ತಿ ಕಡಿಮೆಯೆಂದು ಭಾವಿಸತೊಡಗುತ್ತಾರೆಂದು 2014ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ನನ್ನ ಮಗಳ ಗೆಳತಿಯರಿಗೆ ಆದದ್ದೂ ಅದೇ. ಅಷ್ಟಕ್ಕೂ ಅವಳಿಗೆ ಪೂರ್ತಿ ಕತ್ತಲೆಯೇನೂ ಇಲ್ಲ. ಬೆಳಕು, ದೊಡ್ಡ ಆಕಾರ, ಗಾಢ ಬಣ್ಣ ತಿಳಿಯುತ್ತವೆ. ವೇದಿಕೆಯ ಮೇಲಿದ್ದ ಒಬ್ಬರೂ ಅದನ್ನು ಕೇಳಲಿಲ್ಲ.

ಮಾಡಿಸಬೇಕಾದ್ದಕ್ಕೆ ಖರ್ಚೂ ಇಲ್ಲ ಸ್ವಾಮಿ. ಬಿಸಿಯೂಟದ ಮೊಟ್ಟೆ ಬರುವ ರಟ್ಟಿನ ಟ್ರೇಯಿಂದ ಆರು ಗುಳಿ ಕತ್ತರಿಸಿದರೆ ಅದೇ ಬ್ರೈಲ್ ಮನೆ. ಎಡಸಾಲಿನಲ್ಲಿ ಮೇಲಿನಿಂದ ಒಂದು, ಎರಡು, ಮೂರು. ಬಲಸಾಲಿನಲ್ಲಿ ನಾಲ್ಕು, ಐದು, ಆರು. ಒಂದನೇ ಗುಳಿಗೆ ಮಾತ್ರ ನಿಂಬೆಹಣ್ಣಿಟ್ಟರೆ 'ಅ', ಒಂದು ಮತ್ತು ಮೂರಕ್ಕಿಟ್ಟರೆ 'ಕ'. ಮಕ್ಕಳು ತಂತಮ್ಮ ಹೆಸರು ಬರೆಯಲಿ. ಆಮೇಲೆ ತಾವು ಕಳಿಸುವ ಸ್ಲೇಟಿನಲ್ಲಿ ಬಲದಿಂದ ಎಡಕ್ಕೆ ಚುಚ್ಚಿ, ಹಾಳೆ ಮಗುಚಿ, ಎಡದಿಂದ ಬಲಕ್ಕೆ ಬೆರಳಾಡಿಸಲಿ. ಅಲ್ಲಿ ನನ್ನ ಮಗಳು ಅವರಿಗೆ ಹೇಳಿಕೊಡುವವಳಾಗುತ್ತಾಳೆ. ಅವಳ ಕೈ ಹಿಡಿದು ಎಳೆಯುವ ಬದಲು ತಮ್ಮ ಮೊಣಕೈ ಕೊಡುವುದನ್ನು, ಹತ್ತಿರ ಬಂದಾಗ ಹೆಸರು ಹೇಳುವುದನ್ನು, ಗಲಗಲ ಸದ್ದಿನ ಚೆಂಡಿನಲ್ಲಿ ಜೊತೆಗೂಡಿ ಆಡುವುದನ್ನು ಆರು ವರ್ಷದ ಮಗುವೂ ಕಲಿಯುತ್ತದೆ.

ಇದು ನಾನು ಬೇಡುತ್ತಿರುವ ಭಿಕ್ಷೆಯಲ್ಲ. ಶಾಲೆಗಳಲ್ಲಿ ಅಂಗವೈಕಲ್ಯದ ಬಗ್ಗೆ ಅರಿವು ಮೂಡಿಸಬೇಕೆಂದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಸೆಕ್ಷನ್ 39 ಹೇಳುತ್ತದೆ. ಬ್ರೈಲ್ ಬಲ್ಲ ಶಿಕ್ಷಕರನ್ನು ನೇಮಿಸಬೇಕೆಂದು ಸೆಕ್ಷನ್ 17 ಹೇಳುತ್ತದೆ. ಹಾರ, ಶಾಲು, ಫೋಟೊಗಳಿಗೆ ಇಲಾಖೆಗೆ ಪುರುಸೊತ್ತಿದೆ, ಒಂದು ಸ್ಲೇಟು ಕಳಿಸಲು ಇಲ್ಲವೆ? ವರ್ಷಕ್ಕೊಂದು ದಿನ ವೇದಿಕೆ ಹತ್ತಿಸಿ, ಉಳಿದ ದಿನ ನಮ್ಮ ಮಕ್ಕಳನ್ನು ಹಿಂದಿನ ಬೆಂಚಿಗೆ ತಳ್ಳುವುದು ಎಲ್ಲಿಯವರೆಗೆ?

ಕೊಟ್ಟ ಮಾತು ತಮ್ಮದು. ಪ್ರತಿ ಶುಕ್ರವಾರ ರಾತ್ರಿ "ನಾಳೆ ಬರ್ತಾರಾ ಅಮ್ಮ?" ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾದವಳು ನಾನು. ಸಂಪನ್ಮೂಲ ಶಿಕ್ಷಕರು ಬರುವ ದಿನಾಂಕವನ್ನು ಬರಹದಲ್ಲಿ ತಿಳಿಸಿ. ಕಣ್ಣು ಕಟ್ಟುವ ಆಟವನ್ನು ತಾಲ್ಲೂಕಿನ ಯಾವ ಶಾಲೆಯಲ್ಲೂ ಆಡಿಸಕೂಡದೆಂದು ಸುತ್ತೋಲೆ ಹೊರಡಿಸಿ. ಈ ಪತ್ರದ ಪ್ರತಿಯನ್ನು ಉಪನಿರ್ದೇಶಕರಿಗೂ ಕಳಿಸಿದ್ದೇನೆ.

ಇಂತಿ,
ಎರಡನೇ ತರಗತಿಯ ವಿದ್ಯಾರ್ಥಿನಿಯೊಬ್ಬಳ ತಾಯಿ