ಹುಳುಕಡ್ಡಿ, ಕಜ್ಜಿ ಮತ್ತು ಅಂಗಡಿಯ ಟ್ಯೂಬು

ಹಗಲು ಪಾಳಿ ಬಿಡುವ ಹೊತ್ತಿಗೆ ಯಾವುದಾದರೂ ಗಿರಣಿಯ ಗೇಟಿನ ಎದುರಿಗಿರುವ ಔಷಧದ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಜ್ವರದ ಗುಳಿಗೆ ಕೇಳುವವನು ಗಟ್ಟಿಯಾಗಿ ಕೇಳುತ್ತಾನೆ. ಕೆಮ್ಮಿನವನೂ ಹಾಗೆಯೇ. ಆದರೆ ಒಬ್ಬನು ಜನ ಕರಗುವವರೆಗೆ ಕಾದಿದ್ದು, ದನಿ ತಗ್ಗಿಸಿ, ‘ತುರಿಕೆಗೆ ಒಂದು ಟ್ಯೂಬು ಕೊಡಿ’ ಎನ್ನುತ್ತಾನೆ. ಎಲ್ಲಿ ತುರಿಕೆ, ಎಷ್ಟು ದಿನದಿಂದ ಎಂದು ಅಂಗಡಿಯವನು ಕೇಳುವುದಿಲ್ಲ; ಇವನು ಹೇಳುವುದೂ ಇಲ್ಲ. ಕೇಳದಿರುವುದೇ ಮರ್ಯಾದೆಯೆಂದು ಇಬ್ಬರೂ ತಿಳಿದಿದ್ದಾರೆ. ಈ ಮರ್ಯಾದೆಯಿಂದ ಕೂಲಿಗಾರನಿಗೆ ಆಗುತ್ತಿರುವ ಹಾನಿಯನ್ನು ಕುರಿತು ಈ ವಾರ ನಾಲ್ಕು ಮಾತು ಬರೆಯಬೇಕಾಗಿದೆ.

ಆ ಟ್ಯೂಬಿನಲ್ಲಿ ಇರುವುದೇನು? ಸಾಮಾನ್ಯವಾಗಿ ಮೂರು ಔಷಧಗಳ ಬೆರಕೆ. ಒಂದು ಬೂಷ್ಟನ್ನು ಕೊಲ್ಲುವುದು, ಇನ್ನೊಂದು ಕೀವಿನ ರೋಗಾಣುವನ್ನು ಕೊಲ್ಲುವುದು, ಮೂರನೆಯದು ಸ್ಟಿರಾಯ್ಡ್. ಈ ಮೂರನೆಯದೇ ಮಾಯಗಾರ. ಹಚ್ಚಿದ ಎರಡು ದಿನಕ್ಕೆ ಉರಿ ತಗ್ಗುತ್ತದೆ, ಕೆಂಪು ಇಳಿಯುತ್ತದೆ, ರಾತ್ರಿ ನಿದ್ರೆ ಬರುತ್ತದೆ. ಕೂಲಿಗಾರನು ಗುಣವಾಯಿತೆಂದು ಸಂತೋಷಪಡುತ್ತಾನೆ. ನಡೆದದ್ದು ಬೇರೆ. ರೋಗದ ವಿರುದ್ಧ ಚರ್ಮ ಹೂಡಿದ್ದ ಹೋರಾಟವನ್ನು ಸ್ಟಿರಾಯ್ಡ್ ಅಡಗಿಸಿತು. ತುರಿಕೆಯೆಂಬ ದೂರು ನಿಂತಿತು. ಒಳಗೆ ಬೂಷ್ಟು ಮಾತ್ರ ನಿರಾತಂಕವಾಗಿ ಹರಡುತ್ತ ಹೋಯಿತು. ಟ್ಯೂಬು ನಿಲ್ಲಿಸಿದೊಡನೆ ಮೊದಲಿನ ಎರಡರಷ್ಟು ಜಾಗದಲ್ಲಿ ಏಳುತ್ತದೆ. ಮತ್ತೆ ಟ್ಯೂಬು. ತಿಂಗಳು ಕಳೆದಂತೆ ಹುಳುಕಡ್ಡಿಯ ಗುರುತಾದ ಆ ದುಂಡನೆಯ ಅಂಚು ಕೂಡ ಅಳಿಸಿಹೋಗಿ, ಕೊನೆಗೆ ವೈದ್ಯರಿಗೇ ಇದು ಏನೆಂದು ಹೇಳುವುದು ಕಷ್ಟವಾಗುತ್ತದೆ.

ನಾನು ಪರರ ಕಥೆ ಹೇಳುತ್ತಿಲ್ಲ. ಉಪಾಧ್ಯಾಯನಾಗಿದ್ದ ಕಾಲದಲ್ಲಿ ನನಗೂ ತೊಡೆಯ ಸಂದಿಯಲ್ಲಿ ಹುಳುಕಡ್ಡಿ ಎದ್ದಿತ್ತು. ಮಕ್ಕಳ ಮುಂದೆ ಕೆರೆದುಕೊಳ್ಳುವಂತಿಲ್ಲ, ಯಾರಿಗೂ ತೋರಿಸುವಂತಿಲ್ಲ. ಐದು ತಿಂಗಳು ಆ ಟ್ಯೂಬನ್ನೇ ನಂಬಿದೆ. ರೋಗ ಹೊಟ್ಟೆಯವರೆಗೆ ಬಂತು. ತೊಡೆಯ ಚರ್ಮ ತೆಳುವಾಗಿ ಬಿರಿದು, ಬಸುರಿಯ ಹೊಟ್ಟೆಯ ಮೇಲಿನಂಥ ಗೆರೆಗಳು ಬಿದ್ದವು. ರೋಗ ಆಮೇಲೆ ವಾಸಿಯಾಯಿತು. ಗೆರೆಗಳು ಇಂದಿಗೂ ಇವೆ, ಅವು ಹೋಗುವುದಿಲ್ಲ.

ಇದಕ್ಕೆ ಕಾನೂನು ಇಲ್ಲವೆಂದಲ್ಲ. 2018ರಲ್ಲಿ ಕೇಂದ್ರ ಸರ್ಕಾರವು ಹದಿನಾಲ್ಕು ಬಗೆಯ ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂಬ ಪಟ್ಟಿಗೆ ಸೇರಿಸಿತು. ಪಟ್ಟಿ ಪಟ್ಟಿಯಾಗಿಯೇ ಉಳಿದಿದೆ. ನಮ್ಮ ಓದುಗರಲ್ಲಿ ಅಂಗಡಿಯವರೂ ಇದ್ದಾರೆ, ಅವರು ಕೋಪಿಸಿಕೊಳ್ಳಬಾರದು. ಗಿರಾಕಿ ಕೇಳಿದ್ದನ್ನು ಕೊಡದಿದ್ದರೆ ಪಕ್ಕದ ಅಂಗಡಿಗೆ ಹೋಗುತ್ತಾನೆ ಎಂಬುದು ಅವರ ಮಾತು. ಸುಳ್ಳಲ್ಲ. ಆದರೆ ಪಕ್ಕದವನೂ ಇದನ್ನೇ ಹೇಳುತ್ತಾನಲ್ಲವೆ? ಟ್ಯೂಬಿನ ಮೇಲಿನ ಸಣ್ಣ ಅಕ್ಷರಗಳನ್ನು ಮಕ್ಕಳಿಂದಲಾದರೂ ಓದಿಸಿ. ಕ್ಲೊಬೆಟಸಾಲ್, ಬೆಟಮೆಥಸೋನ್ ಎಂದಿದ್ದರೆ ಅದು ಸ್ಟಿರಾಯ್ಡ್. ಅದು ವಿಷವೆಂದು ನಾನು ಹೇಳುವುದಿಲ್ಲ. ಇಸುಬಿಗೆ, ಬಣ್ಣ ಸಿಮೆಂಟುಗಳಿಂದ ಕೈ ಒಡೆಯುವುದಕ್ಕೆ ವೈದ್ಯರು ಲೆಕ್ಕ ಹಾಕಿ ಅದನ್ನೇ ಕೊಡುತ್ತಾರೆ. ಹುಳುಕಡ್ಡಿಗೆ ಮಾತ್ರ ಅದು ಬೆಂಕಿಗೆ ಗಾಳಿ ಹಾಕಿದಂತೆ.

ನಮ್ಮ ಜನ ಇಟ್ಟ ಹೆಸರುಗಳೂ ತಮಾಷೆಯಾಗಿವೆ. ಹುಳುಕಡ್ಡಿಯಲ್ಲಿ ಹುಳವೇ ಇಲ್ಲ, ಅದು ಒದ್ದೆ ಬಟ್ಟೆಯಲ್ಲಿ, ಬೆವರಿನ ಸಂದಿಯಲ್ಲಿ ಬೆಳೆಯುವ ಬೂಷ್ಟು. ಕಜ್ಜಿಯಲ್ಲಿ ಮಾತ್ರ ನಿಜವಾಗಿಯೂ ಹುಳ ಉಂಟು. ಕಣ್ಣಿಗೆ ಕಾಣದಷ್ಟು ಸಣ್ಣದು, ಚರ್ಮದೊಳಗೆ ಬಿಲ ಕೊರೆದು ಮೊಟ್ಟೆಯಿಡುತ್ತದೆ. ಬೆರಳ ಸಂದಿ, ಮಣಿಕಟ್ಟು, ಹೊಕ್ಕಳ ಸುತ್ತ, ಗುಪ್ತಾಂಗ, ಇವು ಅದರ ಠಾಣೆಗಳು. ರಾತ್ರಿ ತುರಿಕೆ ಹೆಚ್ಚು.

ಕಜ್ಜಿಯ ಮಾತು ಬಂದಾಗ ನನಗೆ ನಾಚಿಕೆಯಾಗುತ್ತದೆ. ಶಾಲೆಯಲ್ಲಿ ಒಬ್ಬ ಹುಡುಗನ ಕೈತುಂಬ ಕಜ್ಜಿಯೆದ್ದಾಗ, ‘ಸ್ನಾನ ಮಾಡಿಕೊಂಡು ಬಾ, ವಾಸಿಯಾಗುವವರೆಗೆ ಬರಬೇಡ’ ಎಂದು ಮನೆಗೆ ಕಳುಹಿಸಿದ್ದೆ. ಅವನ ತಾಯಿ ಬಂದು, ‘ಮೇಷ್ಟ್ರೇ, ದಿನಾ ನೀರು ಹಾಕ್ತೀನಿ, ಆದರೂ ಹೋಗೋದಿಲ್ಲ’ ಎಂದಳು. ನಾನು ನಂಬಲಿಲ್ಲ. ಅವಳು ಹೇಳಿದ್ದೇ ನಿಜ. ಕಜ್ಜಿ ಕೊಳಕಿನ ರೋಗವಲ್ಲ, ಇಕ್ಕಟ್ಟಿನ ರೋಗ. ಒಂದು ಕೋಣೆಯಲ್ಲಿ ಆರು ಜನ ಮಲಗಿದರೆ ಹುಳ ಒಬ್ಬರಿಂದ ಒಬ್ಬರಿಗೆ ನಡೆದುಹೋಗುತ್ತದೆ. ಮೊದಲ ಸಲ ಹತ್ತಿದವರಿಗೆ ತುರಿಕೆ ಶುರುವಾಗುವುದೇ ನಾಲ್ಕಾರು ವಾರಗಳ ಮೇಲೆ. ಅಲ್ಲಿಯವರೆಗೆ ಅವರು ಆರೋಗ್ಯವಂತರೆಂದೇ ಲೆಕ್ಕ. ಆದ್ದರಿಂದ ತುರಿಸುವವನೊಬ್ಬನಿಗೆ ಔಷಧ ಹಚ್ಚಿದರೆ ಪ್ರಯೋಜನವಿಲ್ಲ. ಮನೆಯವರೆಲ್ಲರೂ ಒಂದೇ ರಾತ್ರಿ, ಕುತ್ತಿಗೆಯಿಂದ ಅಂಗಾಲಿನವರೆಗೆ ಪರ್ಮೆಥ್ರಿನ್ ಮುಲಾಮು ಹಚ್ಚಿಕೊಂಡು ಬೆಳಿಗ್ಗೆ ತೊಳೆಯಬೇಕು. ವಾರ ಬಿಟ್ಟು ಇನ್ನೊಮ್ಮೆ ಹಚ್ಚಬೇಕು. ಕೂಸುಗಳಿಗೂ ಬಸುರಿಯರಿಗೂ ವೈದ್ಯರನ್ನು ಕೇಳಿಯೇ ಹಚ್ಚತಕ್ಕದ್ದು. ಹಾಸಿಗೆ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯಬೇಕು. ಹುಳ ಸತ್ತ ಮೇಲೂ ಎರಡು ಮೂರು ವಾರ ತುರಿಕೆ ಉಳಿಯುವುದುಂಟು, ಅದಕ್ಕೆ ಹೆದರಬೇಕಾಗಿಲ್ಲ. ಹೀಗಿರುವಾಗ ಆಸ್ಪತ್ರೆಯಲ್ಲಿ ಒಂದು ಚೀಟಿಗೆ ಒಂದೇ ಟ್ಯೂಬು ಕೊಟ್ಟು ಕಳುಹಿಸುವುದು ಸರ್ಕಾರದ ಹಣವನ್ನು ಚರಂಡಿಗೆ ಸುರಿದ ಹಾಗೆ. ಮನೆಯಲ್ಲಿ ಎಷ್ಟು ಜನ ಎಂದು ಕೇಳಿ ಅಷ್ಟು ಕೊಡಬೇಕು. ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಕಜ್ಜಿಯನ್ನು ಅಲಕ್ಷ್ಯಕ್ಕೊಳಗಾದ ರೋಗಗಳ ಪಟ್ಟಿಗೆ ಸೇರಿಸಿತು. ಅಲಕ್ಷ್ಯ ಯಾರದೆಂದು ಕೇಳುವ ಹಕ್ಕು ವಠಾರದವರಿಗೆ ಉಂಟು.

ಕೆರೆತವಿಲ್ಲದ ಕಲೆಯೂ ಒಂದಿದೆ, ಅದಕ್ಕೇ ನಾನು ಹೆಚ್ಚು ಹೆದರುವುದು. ಮೈಬಣ್ಣಕ್ಕಿಂತ ತಿಳಿಯಾದ ಅಥವಾ ತುಸು ಕೆಂಪಾದ ಕಲೆ. ಮುಟ್ಟಿದರೆ ಮುಟ್ಟಿದ ಅರಿವಿಲ್ಲ. ಇದು ಕುಷ್ಠವಿರಬಹುದು. ಹೆಸರು ಕೇಳಿ ಬಾಗಿಲು ಹಾಕಿಕೊಳ್ಳಬೇಡಿ. ಇದರ ಔಷಧ ಸರ್ಕಾರಿ ಆಸ್ಪತ್ರೆಯಲ್ಲಿ ಪೂರ್ತಿ ಉಚಿತ. ಔಷಧ ಆರಂಭವಾದ ಮೇಲೆ ರೋಗಿಯಿಂದ ಹರಡುವುದು ಬೇಗನೆ ನಿಲ್ಲುತ್ತದೆ. ಕುಷ್ಠರೋಗಿಗಳನ್ನು ಬೇರ್ಪಡಿಸಿಡುವ 1898ರ ಬ್ರಿಟಿಷರ ಕಾಯಿದೆಯನ್ನು 2016ರಲ್ಲಿ ಪಾರ್ಲಿಮೆಂಟು ರದ್ದು ಮಾಡಿದೆ. ತಡಮಾಡಿದರೆ ಮಾತ್ರ ನರ ಸತ್ತು ಬೆರಳು ಮಡಚಿಕೊಳ್ಳುತ್ತವೆ. ಮಗ್ಗದ ಮುಂದೆ ನಿಲ್ಲುವವನಿಗೆ ಬೆರಳೇ ಬಂಡವಾಳ.

ಸರ್ಪಸುತ್ತಿಗೆ ಕೆಮ್ಮಣ್ಣು ಬಳಿದು ಹಾವಿನ ತಲೆ ಬಾಲ ಕೂಡಿತೇ ಎಂದು ನೋಡುತ್ತ ಕೂರುವುದನ್ನೂ ಬಿಡಬೇಕು. ಅದರ ಗುಳಿಗೆ ಮೂರು ದಿನದೊಳಗೆ ಶುರುವಾದರೇ ಹೆಚ್ಚು ಗುಣ. ಹೊಸ ಗುಳಿಗೆ ನುಂಗಿದ ಮೇಲೆ ಮೈಮೇಲೆ ಬೊಬ್ಬೆ, ಬಾಯಲ್ಲಿ ಹುಣ್ಣು ಎದ್ದರೆ, ಕೆಂಪು ಬಾವು ಜ್ವರದೊಡನೆ ಗಂಟೆ ಗಂಟೆಗೂ ಹರಡಿದರೆ, ಸಕ್ಕರೆ ಕಾಯಿಲೆಯವರ ಕಾಲಿನಲ್ಲಿ ಗಾಯ ಕೆಟ್ಟರೆ, ಪಾಳಿ ತಪ್ಪಿದರೂ ಸರಿ, ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಯಾರ ಹತ್ತಿರ ಹೋಗುವುದು? ಮೊದಲು ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರ ಅಥವಾ ನಮ್ಮ ಕ್ಲಿನಿಕ್. ಅಲ್ಲಿ ತಿಳಿಯದಿದ್ದರೆ ಜಿಲ್ಲಾ ಆಸ್ಪತ್ರೆಯ ಚರ್ಮದ ವಿಭಾಗ. ಖಾಸಗಿಯವರಲ್ಲಿ ಹೋಗುವುದಾದರೆ ಹೆಸರಿನ ಮುಂದೆ ಎಂ.ಡಿ. ಅಥವಾ ಡಿ.ಡಿ.ವಿ.ಎಲ್. ಇದೆಯೇ, ಗೋಡೆಯ ಮೇಲೆ ನೋಂದಣಿಯ ಪತ್ರ ತೂಗುತ್ತಿದೆಯೇ ನೋಡಿ. ಕೇಳುವ ಮೊದಲೇ ಸೂಜಿ ಎತ್ತುವವನಿಂದ ದೂರವಿರಿ. ಆ ವೈದ್ಯರ ಬೋರ್ಡಿನಲ್ಲಿ ಚರ್ಮದ ಜೊತೆಗೆ ಲೈಂಗಿಕ ರೋಗ, ಕುಷ್ಠ ಎಂದೂ ಬರೆದಿರುತ್ತದೆ. ಅದನ್ನು ಕಂಡು ಎಷ್ಟೋ ಜನ ಮೆಟ್ಟಿಲಿಂದಲೇ ತಿರುಗಿದ್ದಾರೆ. ನಮ್ಮ ದೇಶದಲ್ಲಿ ಈ ಮೂರನ್ನೂ ಒಂದೇ ಪದವಿಯಲ್ಲಿ ಕಲಿಸುತ್ತಾರೆ, ಅಷ್ಟೆ. ಹೋಗುವಾಗ ಏನನ್ನೂ ಬಳಿದುಕೊಂಡು ಹೋಗಬೇಡಿ. ಈವರೆಗೆ ಹಚ್ಚಿದ ಟ್ಯೂಬುಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ನನ್ನ ರೋಗ ತಿಳಿದದ್ದು ಹಾಗೆಯೇ.

ಇನ್ನು ಗಿರಣಿಯ ಮಾತು. ಬಣ್ಣ, ರಾಸಾಯನಿಕಗಳಿಂದ ಆಗುವ ಚರ್ಮರೋಗವು 1948ರ ಕಾರ್ಖಾನೆ ಕಾಯಿದೆಯಲ್ಲೇ ವರದಿ ಮಾಡಬೇಕಾದ ಉದ್ಯೋಗ ರೋಗಗಳ ಪಟ್ಟಿಗೆ ಸೇರಿತ್ತು. ಹಾಗಿದ್ದೂ ಕೈಗವಸು ಕೇಳಿದವನಿಗೆ ಮೇಸ್ತ್ರಿ ಹೇಳುವುದು, ‘ಇದು ನಿನ್ನ ಮನೆಯಿಂದ ತಂದದ್ದು’ ಎಂದು. ರಜೆಯಲ್ಲಿ ಇಳಿದು ಕೆಲಸಕ್ಕೆ ಬಂದೊಡನೆ ಏರುವ ಉರಿ ಮನೆಯದೋ ಗಿರಣಿಯದೋ? ವೈದ್ಯರಿಗೆ ನೀವು ಮುಟ್ಟುವ ಪದಾರ್ಥದ ಹೆಸರು ಹೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ.

2019ರ ಜುಲೈಯಲ್ಲಿ ನಿಗದಿಯಾದಂತೆ ಇ.ಎಸ್.ಐ.ಗೆ ಸಂಬಳದ ನೂರು ರೂಪಾಯಿಗೆ ಕೂಲಿಗಾರನ ಪಾಲು 75 ಪೈಸೆ, ಮಾಲೀಕನದು 3 ರೂಪಾಯಿ 25 ಪೈಸೆ. ಹಣ ಕಡಿತವಾಗುವವರಲ್ಲಿ ಎಷ್ಟೋ ಜನರಿಗೆ ಕಾರ್ಡೇ ಇಲ್ಲ. ನಮ್ಮ ಕ್ಲಿನಿಕ್‌ಗಳು 2022ರ ಡಿಸೆಂಬರಿನಲ್ಲಿ ತೆರೆದಾಗ ಹೇಳಿದ ವೇಳೆ ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕೂವರೆ, ಅಂದರೆ ಕೂಲಿಗಾರ ಗಿರಣಿಯಲ್ಲಿರುವ ಹೊತ್ತು. ಗಿರಣಿ ಕೇರಿಯಲ್ಲಿ ವಾರಕ್ಕೆ ಎರಡು ಸಂಜೆಯಾದರೂ ವೈದ್ಯರು ಎಂಟರವರೆಗೆ ಕುಳಿತುಕೊಳ್ಳಬೇಕೆಂದು ಜಿಲ್ಲಾ ಆರೋಗ್ಯ ಅಧಿಕಾರಿಗಳಿಗೆ ಅರ್ಜಿ ಬರೆದಿದ್ದೇನೆ. ಸಹಿ ಹಾಕುವವರೂ, ಕಾರ್ಡಿಲ್ಲದವರೂ ಭಾನುವಾರ ಬೆಳಿಗ್ಗೆ ಕಚೇರಿಗೆ ಬರಬಹುದು. ಕಾರ್ಡಿಲ್ಲದವರು ಸಂಬಳದ ಚೀಟಿ ತರಬೇಕು.